ಮೊದಲ ಸಲ ಲೇಡಿ ಡಾಕ್ಟರ್ ಹತ್ತಿರ: ಒಳಪರೀಕ್ಷೆ ಮಾಡೇ ಮಾಡ್ತಾರಾ?

ನಾಪೋಕ್ಲು_19:
ಮದುವೆ ಆಗಿಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತೆ. ಸೋಮವಾರ ಅಮ್ಮನ ಜೊತೆ ಮಡಿಕೇರಿಗೆ ಹೋಗೋದು. ಒಳಗೆ ಏನಾದ್ರೂ ಹಾಕಿ ನೋಡ್ತಾರಾ? ಗರ್ಭಕಂಠದ ಕ್ಯಾನ್ಸರ್‌ಗೆ ಮಾಡೋ ಪ್ಯಾಪ್ ಟೆಸ್ಟೂ ಮಾಡ್ತಾರಾ?

ಮಳೆಗಾಲ:
ಈ ತೊಂದರೆಗೆ ಸಾಮಾನ್ಯವಾಗಿ ಒಳಪರೀಕ್ಷೆ ಬೇಕಾಗಲ್ಲ. ಬಿಪಿ, ತೂಕ, ಹೊಟ್ಟೆ ಒತ್ತಿ ನೋಡೋದು, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನಿನ ರಕ್ತಪರೀಕ್ಷೆ, ಹೊಟ್ಟೆ ಮೇಲಿಂದ ಸ್ಕ್ಯಾನಿಂಗ್, ಹೆಚ್ಚುಕಮ್ಮಿ ಇಷ್ಟೇ. ಹಿಂದಿನ ಆರು ತಿಂಗಳ ಮುಟ್ಟಿನ ತಾರೀಕು ಬರೆದುಕೊಂಡು ಹೋಗಿ. ‘ಹುತ್ತರಿ ಹಬ್ಬ ಆದ್ಮೇಲೆ ಒಂದ್ಸಲ’ ಅಂದ್ರೆ ಡಾಕ್ಟರಿಗೆ ಲೆಕ್ಕ ಸಿಗಲ್ಲ. ದೈಹಿಕ ಸಂಪರ್ಕ ಆಗಿದೆಯಾ ಅಂತ ಕೇಳೇ ಕೇಳ್ತಾರೆ, ಪ್ರೆಗ್ನೆನ್ಸಿ ಟೆಸ್ಟ್ ಬೇಕಾ ಅನ್ನೋದು ಅದರ ಮೇಲೆ ನಿಂತಿರುತ್ತೆ. ಅಮ್ಮನ ಎದುರು ಕಷ್ಟ ಅನ್ನಿಸಿದ್ರೆ ಒಬ್ಬಳೇ ಮಾತಾಡ್ಬೇಕು ಅನ್ನಿ.

ಎಲ್ಲರೂ ಎಡವೋದು ಸ್ಕ್ಯಾನಿಂಗಲ್ಲಿ. ಮೂತ್ರಕೋಶ ತುಂಬಿದ್ರೆ ಕರುಳು ಪಕ್ಕಕ್ಕೆ ಸರಿದು ಗರ್ಭಕೋಶ, ಅಂಡಾಶಯ ಕಾಣುತ್ತೆ. ಖಾಲಿ ಇದ್ರೆ ಕರುಳಿನ ಗಾಳಿ ಅಡ್ಡ ಬಂದು ವಾಪಸ್ ಕಳಿಸ್ತಾರೆ. ಹಾಗಂತ ಮನೇಲೇ ನೀರು ಕುಡಿದು ಬಸ್ ಹತ್ತಬೇಡಿ, ಆ ತಿರುವುಗಳಲ್ಲಿ ಪ್ರಾಣ ಹೋಗುತ್ತೆ! ಸರದಿ ಯಾವಾಗ ಅಂತ ಕೇಳಿಕೊಂಡು, ಒಂದು ಗಂಟೆ ಮುಂಚೆ 4–5 ಲೋಟ ನೀರು ಸಾಕು.

ಕಿತ್ತಳೆತೋಟ:
ಒಂದು ವೇಳೆ ಒಳಪರೀಕ್ಷೆ ಬೇಕೆಂದ್ರೆ ಅದಕ್ಕೆ ಮೂತ್ರಕೋಶ ಖಾಲಿ ಇರಬೇಕು. ಅದಕ್ಕೇ ಸ್ಕ್ಯಾನಿಂಗ್ ಮೊದಲು. ಸೊಂಟದಿಂದ ಕೆಳಗಿನ ಬಟ್ಟೆ ಮಾತ್ರ ತೆಗೆಯೋದು, ಮೇಲೆ ಹೊದಿಕೆ ಕೇಳಿ. ಸ್ಪೆಕ್ಯುಲಮ್ ಅಂದ್ರೆ ಬಾತುಕೋಳಿ ಕೊಕ್ಕಿನ ಥರದ್ದು: ಮುಚ್ಚಿಕೊಂಡೇ ಒಳಗೆ ಹೋಗುತ್ತೆ, ಆಮೇಲೆ ನಿಧಾನಕ್ಕೆ ಅಗಲಿಸಿ ಗರ್ಭಕಂಠ ನೋಡ್ತಾರೆ. ನಂತರ ಗ್ಲೌಸ್ ಹಾಕಿದ ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆ ಮೇಲೆ. ಕೆಲವೇ ನಿಮಿಷ. ಹೆದರಿ ಸೊಂಟ ಎತ್ತಿದ್ರೆ ಸ್ನಾಯು ಬಿಗಿಯಾಗಿ ನೋವು ಜಾಸ್ತಿ. ಬೆನ್ನು ಮಂಚಕ್ಕೆ ಒತ್ತಿ ಬಾಯಲ್ಲಿ ಉಸಿರು ಬಿಡಿ. ಚಿಕ್ಕ ಸೈಜ್ ಹಾಕಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಅಂತ ಕೇಳಬಹುದು. ಮಡಿಕೇರಿ ಚಳೀಲಿ ಸ್ಟೀಲ್ ಮಂಜುಗಡ್ಡೆ. ‘ನಿಲ್ಸಿ’ ಅಂದ್ರೆ ನಿಲ್ಲಿಸಲೇಬೇಕು.

ಮಳೆಗಾಲ:
ಪ್ಯಾಪ್ 19 ವರ್ಷಕ್ಕೆ ಬೇಡ; ಸರ್ಕಾರಿ ಗರ್ಭಕಂಠ ತಪಾಸಣೆ ಶುರುವಾಗೋದೇ 30ಕ್ಕೆ. ಜಿಲ್ಲಾ ಆಸ್ಪತ್ರೆ ಮೆಡಿಕಲ್ ಕಾಲೇಜಿನದ್ದೂ ಹೌದು, ಸ್ಟೂಡೆಂಟ್ಸ್ ನಿಂತಿರಬಹುದು. ಬೇಡ ಅಂದ್ರೆ ಹೊರಗೆ ಹೋಗ್ತಾರೆ. ಡಾಕ್ಟರ್ ಗಂಡಸಾದ್ರೆ ಪಕ್ಕದಲ್ಲಿ ಸಿಸ್ಟರ್ ಇರಲೇಬೇಕು. ನಿಮಗೆ 18 ದಾಟಿದೆ, ಒಪ್ಪಿಗೆ ಕೊಡೋದು ನೀವು, ಅಮ್ಮ ಅಲ್ಲ.

ನಾಪೋಕ್ಲು_19:
ಲಂಗ ಹಾಕ್ಕೊಂಡು ಹೋಗ್ಲಾ, ಚೂಡಿದಾರಾ?

ಕಿತ್ತಳೆತೋಟ:
ಲಂಗ. ಮೇಲೆತ್ತಿದ್ರೆ ಮುಗೀತು, ಲಾಡಿ ಬಿಚ್ಚೋ ರಗಳೆ ಇಲ್ಲ.