ಆರ್‌ಎಕ್ಸ್ 100: ಚೋಕ್ ತೆಗೆದ ಕೂಡಲೇ ಆಫ್ ಆಗುತ್ತದೆ, ಬಿಸಿಯಾದ ಮೇಲೆ ರೇಸ್ ಇಳಿಯುವುದಿಲ್ಲ

ಕೊಪ್ಪದ_ಸವಾರ:

ಎಲ್ಲರಿಗೂ ನಮಸ್ಕಾರ. ನಮ್ಮದು 1994ರ ಯಮಹಾ ಆರ್‌ಎಕ್ಸ್ 100. ಅಪ್ಪ ಹೊಸದಾಗಿ ತಂದ ಗಾಡಿ, ಇವತ್ತಿಗೂ ಅವರ ಹೆಸರಲ್ಲೇ ಇದೆ. ನಾನು ಕ್ಲಚ್ ಬಿಡುವುದನ್ನು ಕಲಿತದ್ದು ಇದರಲ್ಲೇ. ಅಪ್ಪನ ಮಂಡಿ ಆಪರೇಷನ್ ಆದ ಮೇಲೆ ಒಂದು ವರ್ಷಕ್ಕೂ ಜಾಸ್ತಿ ಕೊಟ್ಟಿಗೆ ಪಕ್ಕದಲ್ಲಿ ಹಾಗೇ ನಿಂತಿತ್ತು. ಒಂದು ಪೂರ್ತಿ ಮಳೆಗಾಲ ಅಲ್ಲೇ ಕಳೆಯಿತು. ಈಗ ಅವರು ಚೆನ್ನಾಗಿ ನಡೆಯುತ್ತಾರೆ. ಹಿಂದೆ ಕೂತು ಒಮ್ಮೆ ಹರಿಹರಪುರದ ತನಕ ಹೋಗಿ ಬರೋಣ ಅನ್ನುತ್ತಾರೆ. ಅದಕ್ಕೇ ಗಾಡಿ ಎಬ್ಬಿಸಲು ಕೂತಿದ್ದೇನೆ.

ಹಳೆ ಪೆಟ್ರೋಲ್ ಪೂರ್ತಿ ಚೆಲ್ಲಿ ಹೊಸದು ಹಾಕಿದೆ. ಪ್ಲಗ್ ಹೊಸದು. ಚೋಕ್ ಹಾಕಿದರೆ ಮೂರನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಚೋಕ್ ತೆಗೆದರೆ ಎರಡು ಸೆಕೆಂಡಿನಲ್ಲಿ ಆಫ್. ಅರ್ಧ ಚೋಕ್‌ನಲ್ಲಿ ಓಡಿಸಬಹುದು, ಆದರೆ ಎಕ್ಸಿಲೇಟರ್ ಸ್ವಲ್ಪವೇ ತಿರುಗಿಸಿದಾಗ ಮುಗ್ಗರಿಸುತ್ತದೆ. ಪೂರ್ತಿ ತಿರುಗಿಸಿದರೆ ಮಾತ್ರ ಹಳೆ ಪಿಕಪ್ ಹಾಗೇ ಇದೆ! ಇನ್ನೊಂದು ವಿಷಯ, ಎಂಜಿನ್ ಬಿಸಿಯಾದ ಮೇಲೆ ಎಕ್ಸಿಲೇಟರ್ ಬಿಟ್ಟರೂ ರೇಸ್ ತಕ್ಷಣ ಇಳಿಯುವುದಿಲ್ಲ. ಗುಂಯ್ ಅಂತ ನಿಂತು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಹೊಸ ಪ್ಲಗ್ ಎರಡು ದಿನದಲ್ಲೇ ಸುಣ್ಣದ ಹಾಗೆ ಬಿಳಿ ಆಗಿದೆ.

ಕಾರ್ಬೋರೇಟರ್ ಬಿಚ್ಚಿ ಪೆಟ್ರೋಲ್‌ನಲ್ಲಿ ತೊಳೆದಾಯಿತು. ಗ್ಯಾರೇಜಿನವರು "ಇದು ಮುಗಿಯಿತು, ಹೊಸ ಕಾರ್ಬೋರೇಟರ್ ಹಾಕಿ" ಅಂದರು. ಅಪ್ಪನ ಗಾಡಿಯ ಸಾಮಾನು ಬಿಸಾಡಲು ನನಗೆ ಮನಸ್ಸಿಲ್ಲ. ದಾರಿ ಇದೆಯಾ?

ಟೂಸ್ಟ್ರೋಕ್_ಹಾಸನ:

ನಾನೂ ಇದೇ ಕಷ್ಟ ಪಟ್ಟು ಕೊನೆಗೆ ಮಾರ್ಕೆಟ್‌ನಿಂದ ಹೊಸ ಕಾರ್ಬೋರೇಟರ್ ತಂದೆ. ಸ್ಟಾರ್ಟಿಂಗ್ ಸರಿಹೋಯಿತು, ಮೈಲೇಜ್ ಬಿತ್ತು. ಬೇರೆ ದಾರಿ ಇದ್ದರೆ ನನಗೂ ಬೇಕು.

ಹಳೇ_ಪಾನಾ, ದಾವಣಗೆರೆ:

ತಮ್ಮಾ, ದಯವಿಟ್ಟು ಆ ಕಾರ್ಬೋರೇಟರ್ ಬಿಸಾಡಬೇಡಿ. 1996ಕ್ಕೇ ಬರುವುದು ನಿಂತುಹೋದ ಗಾಡಿ ಇದು. ಅದರ ಜೊತೆ ಬಂದ ಮಿಕುನಿ ಕಂಪನಿ ಕಾರ್ಬೋರೇಟರ್‌ಗೆ ಸರಿಸಮ ಮಾರ್ಕೆಟ್ ಮಾಲಿನಲ್ಲಿ ನಾನು ಕಂಡಿಲ್ಲ. ನೋಡಲು ಹಾಗೇ ಇರುತ್ತದೆ, ಒಳಗಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ಮತ್ತು ಸ್ಲೈಡಿನ (ಎಕ್ಸಿಲೇಟರ್ ಜೊತೆ ಏರಿಳಿಯುವ ಭಾಗ) ಅಳತೆ ಬೇರೆ ಇರುತ್ತದೆ. ಹಾಸನದವರ ಮೈಲೇಜ್ ಬಿದ್ದದ್ದಕ್ಕೆ ನನಗೆ ಅದರ ಮೇಲೇ ಅನುಮಾನ.

ಇಪ್ಪತ್ತೆಂಟು ವರ್ಷ ಟೂ ಸ್ಟ್ರೋಕ್ ಬಿಚ್ಚಿದ್ದೇನೆ. ಎಲ್ಲಿ ತೊಂದರೆ ಎಂದು ಗಾಡಿಯೇ ಹೇಳುತ್ತದೆ, ನಿಮ್ಮ ಗಾಡಿಯೂ ಹೇಳಿದೆ. ಈ ಮಿಕುನಿಯಲ್ಲಿ ಚೋಕ್ ಅಂದರೆ ಗಾಳಿ ಮುಚ್ಚುವ ತಗಡಲ್ಲ, ಜಾಸ್ತಿ ಪೆಟ್ರೋಲ್ ಬಿಡುವ ಇನ್ನೊಂದು ದಾರಿ. ಚೋಕ್ ಇದ್ದರೆ ಮಾತ್ರ ಬದುಕುತ್ತದೆ ಅಂದರೆ ಐಡ್ಲಿಂಗ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಪ್ಲಗ್ ಬಿಳಿ ಇರುವುದೂ ಅದನ್ನೇ ಹೇಳುತ್ತದೆ. ಫುಲ್ ಎಕ್ಸಿಲೇಟರ್‌ನಲ್ಲಿ ಚೆನ್ನಾಗಿದೆ ಅಂದರೆ ಟ್ಯಾಂಕಿನ ಕಾಕ್, ಮೇನ್ ಜೆಟ್ ಎರಡೂ ಸರಿ ಇವೆ. ಅವುಗಳ ತಂಟೆಗೆ ಹೋಗಬೇಡಿ.

ಹ್ಯಾಂಡಲ್ ಹಿಡಿಗೆ ಬಿಳಿ ಟೇಪ್ ಸುತ್ತಿ, ಪೂರ್ತಿ ತಿರುಗುವ ಅಳತೆಯನ್ನು ನಾಲ್ಕು ಭಾಗ ಮಾಡಿ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮೊದಲ ಗೆರೆ ಮುಟ್ಟುವ ಮೊದಲೇ ಮುಗ್ಗರಿಸಿದರೆ ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್, ಗಾಳಿ ಸ್ಕ್ರೂ. ನಡುವಿನ ಗೆರೆಗಳಲ್ಲಾದರೆ ಸ್ಲೈಡಿನ ಸೂಜಿ. ಕೊನೇ ಭಾಗದಲ್ಲಾದರೆ ಮೇನ್ ಜೆಟ್. ನಿಮ್ಮದು ಮೊದಲನೆಯದು ಅಲ್ವಾ?

ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಒಳಗೆ ಗುಂಡಗಿನ ಬೆಳಕಿನ ಚುಕ್ಕಿ ಕಾಣಬೇಕು. ಅರ್ಧಚಂದ್ರ ಕಂಡರೂ ಕಟ್ಟಿದೆ ಅಂತಲೇ ಅರ್ಥ. ಬರೀ ಪೆಟ್ರೋಲ್‌ನಲ್ಲಿ ಆ ಅಂಟು ಬಿಡುವುದಿಲ್ಲ. ಕಾರ್ಬ್ ಕ್ಲೀನರ್ ಹೊಡೆದು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಗಾಳಿ ಹೊಡೆಸಿ. ಗಟ್ಟಿ ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗೆ, ತೂತು ಒಮ್ಮೆ ದೊಡ್ಡದಾದರೆ ಆ ಜೆಟ್ ಹೋಯಿತು. ಬೇಕಾದರೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು.

ಗಾಳಿ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ಬಿಟ್ಟು, ಒಂದೂವರೆ ಸುತ್ತು ಹೊರಗೆ ತೆಗೆಯಿರಿ. ಅಲ್ಲಿಂದ ಟ್ಯೂನಿಂಗ್ ಶುರು. ತುಂಬಾ ಜನ ತಪ್ಪುವುದು ಇಲ್ಲೇ. ಇದರಲ್ಲಿ ಸ್ಕ್ರೂ ಹೊರಗೆ ಬಂದರೆ ಗಾಳಿ ಜಾಸ್ತಿ, ಒಳಗೆ ಹೋದರೆ ಪೆಟ್ರೋಲ್ ಜಾಸ್ತಿ. ಈಚಿನ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಸ್ಕ್ರೂ ಎಂಜಿನ್ ಕಡೆ ಇದ್ದರೆ ಲೆಕ್ಕ ಉಲ್ಟಾ.

ಇನ್ನು ರೇಸ್ ಇಳಿಯದ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲು ಕೇಬಲ್ ನೋಡಿ: ಗಾಡಿ ಸ್ಟಾರ್ಟ್ ಇಟ್ಟು ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ರೇಸ್ ಏರಿಳಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ. ಅದು ಸರಿ ಇದ್ದರೆ ಎಂಜಿನ್ ಕಳ್ಳಗಾಳಿ ಎಳೆಯುತ್ತಿದೆ. ಐಡ್ಲಿಂಗ್‌ನಲ್ಲಿ ಇಟ್ಟು ಕಾರ್ಬೋರೇಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಸುತ್ತ ಸೋಪಿನ ನೀರು ಸಿಂಪಡಿಸಿ. ಎಂಜಿನ್ ಸದ್ದು ಬದಲಾದರೆ ಅಲ್ಲೇ ಸೋರಿಕೆ. ಅಲ್ಲಿ ಇಲ್ಲದಿದ್ದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್ (ಎಂಜಿನ್ ಒಳಗೆ ಗಾಳಿ ನುಗ್ಗದ ಹಾಗೆ ತಡೆಯುವ ರಬ್ಬರ್ ಬಳೆ) ನೋಡಬೇಕು. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆಗಿ ಟೂ ಸ್ಟ್ರೋಕ್ ಓಡಿದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಬಿಸಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಹಿಂದಿನ ಚಕ್ರ ಲಾಕ್ ಆಗಬಹುದು. ಸರಿಯಾಗುವ ತನಕ ಅಪ್ಪನನ್ನು ಕೂರಿಸಿಕೊಂಡು ರಸ್ತೆಗೆ ಇಳಿಯಬೇಡಿ.

ಕೊಪ್ಪದ_ಸವಾರ:

ಸರ್, ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಪೈಲಟ್ ಜೆಟ್ ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ, ಪೂರ್ತಿ ಕಪ್ಪು. ಬೆಳಕು ಗುಂಡಗೆ ಬರಲು ಮೂರು ಸಲ ಕ್ಲೀನರ್ ಹೊಡೆಯಬೇಕಾಯಿತು. ಕೆಳಗಿನ ಬಟ್ಟಲಿನ ಮೂಲೆಯಲ್ಲಿ ಹಸಿರು ಪುಡಿ ಕೂತಿತ್ತು, ನಾನು ಮೊದಲ ಸಲ ತೊಳೆದಾಗ ಅದು ಕಣ್ಣಿಗೇ ಬಿದ್ದಿರಲಿಲ್ಲ. ಈಗ ಚೋಕ್ ಇಲ್ಲದೆ ಐಡ್ಲಿಂಗ್ ನಿಲ್ಲುತ್ತದೆ!

ರೇಸ್ ಮಾತ್ರ ಹಾಗೇ ನಿಲ್ಲುತ್ತಿತ್ತು. ಸೋಪಿನ ನೀರು ಮೇಲಿನಿಂದ ಹಾಕಿದರೆ ಏನೂ ಬದಲಾಗಲಿಲ್ಲ. ಕೆಳಗಿನಿಂದ ಸಿಂಪಡಿಸಿದಾಗ ಎಂಜಿನ್ ಒಮ್ಮೆ ಕೆಮ್ಮಿದ ಹಾಗೆ ಆಯಿತು. ರಬ್ಬರ್ ಬಿಚ್ಚಿ ಹೆಬ್ಬೆರಳಿನಿಂದ ಬಗ್ಗಿಸಿದೆ. ಕೆಳಭಾಗದಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಕೈ ತೆಗೆದರೆ ಗೆರೆಯೂ ಕಾಣುವುದಿಲ್ಲ. ಅಪ್ಪ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಟಾರ್ಚ್ ಹಿಡಿದಿದ್ದರು, ಮೊದಲು ನೋಡಿದ್ದು ಅವರೇ. ಹೊಸ ರಬ್ಬರ್ ಶಿವಮೊಗ್ಗದಲ್ಲಿ ಸಿಕ್ಕಿತು. ಹಾಕಿದ ಮೇಲೆ ಎಕ್ಸಿಲೇಟರ್ ಬಿಟ್ಟ ಕೂಡಲೇ ರೇಸ್ ಇಳಿಯುತ್ತದೆ. ಒಬ್ಬನೇ ಹತ್ತು ಕಿಲೋಮೀಟರ್ ಓಡಿಸಿ ಪ್ಲಗ್ ತೆಗೆದು ನೋಡಿದೆ, ಬೆಲ್ಲದ ಬಣ್ಣಕ್ಕೆ ತಿರುಗುತ್ತಿದೆ.

ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಒಂದೇ ಪ್ರಶ್ನೆ ಉಳಿದಿದೆ. ಆ ಹಸಿರು ಪುಡಿ ಮತ್ತೆ ಬರದ ಹಾಗೆ ಏನು ಮಾಡಲಿ? ಮಳೆಗಾಲದಲ್ಲಿ ಗಾಡಿ ಮತ್ತೆ ನಿಲ್ಲುತ್ತದೆ.

ಬಯಲುಸೀಮೆ_ಬೈಕರ್:

ಅದಕ್ಕೆ ನಾನು ಹೇಳುತ್ತೇನೆ, ನನ್ನದೂ ಆರ್‌ಎಕ್ಸ್. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಿಮ್ಮ ಕಡೆ ತೇವಕ್ಕೆ ಬರವಿಲ್ಲ. ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಬಟ್ಟಲಿನಲ್ಲಿ ಹಿತ್ತಾಳೆ ಹಸಿರಾಗುತ್ತದೆ, ಹಳೆ ರಬ್ಬರ್ ಪೈಪ್‌ಗಳೂ ಹಾಳಾಗುತ್ತವೆ. ಒಂದು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಕಾಕ್ ಆಫ್ ಮಾಡಿ, ಗಾಡಿ ತಾನಾಗಿ ಆಫ್ ಆಗುವ ತನಕ ಐಡ್ಲಿಂಗ್‌ನಲ್ಲಿ ಬಿಡಿ. ಬಟ್ಟಲು ಬಹುತೇಕ ಖಾಲಿ ಆಗುತ್ತದೆ. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಬಟ್ಟಲು ಬಿಚ್ಚಿ ಒರೆಸಿಯೇ ಇಡಿ.

ಹಳೇ_ಪಾನಾ, ದಾವಣಗೆರೆ:

ಮೇಲಿನವರು ಹೇಳಿದ್ದು ಸರಿ. ನಾನು ಮರೆತದ್ದು ಒಂದಿದೆ. ಎಕ್ಸಿಲೇಟರ್ ಕೇಬಲ್ ಎರಡಾಗಿ ಕವಲೊಡೆದು, ಒಂದು ಎಂಜಿನ್‌ಗೆ ಆಯಿಲ್ ಕೊಡುವ ಆಯಿಲ್ ಪಂಪ್‌ಗೆ ಹೋಗುತ್ತದೆ. ಕಾರ್ಬೋರೇಟರ್ ವಾಪಸ್ ಕೂರಿಸಿದ ಮೇಲೆ ಪಂಪಿನ ಗುರುತು ಸರಿಯಾಗಿ ಕೂತಿದೆಯಾ ನೋಡಿ. ಅದನ್ನು ನೋಡಿದ ಮೇಲೆಯೇ ಅಪ್ಪನನ್ನು ಹತ್ತಿಸಿಕೊಳ್ಳಿ. ಹರಿಹರಪುರದಿಂದ ಬಂದ ಮೇಲೆ ಪ್ಲಗ್ ಫೋಟೋ ಹಾಕಿ, ನೋಡುತ್ತೇನೆ.