ನಮ್‌ಪೈ 2 ಬಂದ ಮೇಲೆ ಹಳೆಯ ಪಾಂಡಾಸ್ ಓಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ಮೇಡಂ, ನಮಸ್ಕಾರ. ನಾನು ಎಂ.ಎಸ್ಸಿ. ಓದುತ್ತಿದ್ದೇನೆ. ತಾಲ್ಲೂಕುವಾರು ಮಳೆ ಲೆಕ್ಕದ ಮೇಲೆ ಪ್ರಾಜೆಕ್ಟ್. ನಮ್ಮ ಹಿಂದಿನ ಬ್ಯಾಚಿನ ಅಕ್ಕ ಒಬ್ಬರು ಬರೆದ ಪೈಥಾನ್ ಕೋಡನ್ನೇ ಮುಂದುವರಿಸುತ್ತಿದ್ದೇನೆ. ಯಾವ ಪ್ಯಾಕೇಜ್ ಬೇಕು ಅಂತ ಬರೆದಿಡುವ ಅವರ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಎರಡೇ ಸಾಲು: ಕೋಷ್ಟಕದ ಲೆಕ್ಕಕ್ಕೆ ಪಾಂಡಾಸ್ 1.5.3, ಆಮೇಲೆ ಗ್ರಾಫ್‌ಗೆ ನಂಬರ್ ಇಲ್ಲದ ಮ್ಯಾಟ್‌ಪ್ಲಾಟ್‌ಲಿಬ್. ಅವರ ಲ್ಯಾಪ್‌ಟಾಪಿನಲ್ಲಿ ಈಗಲೂ ಓಡುತ್ತದೆ. ನಾನೂ ಅದೇ ಪೈಥಾನ್ 3.10 ಇಟ್ಟುಕೊಂಡು ಅದೇ ಫೈಲಿನಿಂದ ಹಾಕಿದೆ. ಇಂಪೋರ್ಟ್ ಪಾಂಡಾಸ್ ಅನ್ನುವ ಸಾಲಿನಲ್ಲೇ ನಿಂತುಬಿಡುತ್ತದೆ. ನಮ್‌ಪೈ ಡಿಟೈಪ್‌ನ ಸೈಜ್ ಬದಲಾಗಿದೆ, ಇರಬೇಕಾದದ್ದು 96, ಸಿಕ್ಕಿದ್ದು 88 ಅಂತ ಎರರ್. ಪ್ಯಾಕೇಜ್ ಹಾಕುವ ಟೂಲ್ ಪಿಪ್‌ನ ಪಿಪ್ ಚೆಕ್ ಓಡಿಸಿದರೆ ಏನೂ ತೊಂದರೆ ಇಲ್ಲ ಅನ್ನುತ್ತದೆ. ಮೂರು ಸಲ ತೆಗೆದು ಹಾಕಿದೆ, ಫೋರ್ಸ್ ರೀಇನ್‌ಸ್ಟಾಲ್ ಕೂಡ ಮಾಡಿದೆ. ಮುಂದಿನ ವಾರ ಗೈಡ್‌ಗೆ ತೋರಿಸಬೇಕು. ದಯವಿಟ್ಟು ದಾರಿ ಹೇಳಿ.

ಉತ್ತರ:
ಎರರ್ ಪೂರ್ತಿ ಬರೆದಿದ್ದು ಒಳ್ಳೆಯದಾಯಿತು. ಆ 96, 88 ನೋಡಿದ ತಕ್ಷಣ ವಿಷಯ ಗೊತ್ತಾಯಿತು. ನಿಮ್ಮದೇನೂ ತಪ್ಪಿಲ್ಲ.

ನಮ್‌ಪೈ ಅಂದರೆ ಪೈಥಾನ್‌ನಲ್ಲಿ ಅಂಕಿಗಳ ಲೆಕ್ಕ ಮಾಡುವ ಪ್ಯಾಕೇಜ್. 2024ರ ಜೂನ್ 16ಕ್ಕೆ ಅದರ 2.0 ಬಂತು. 2006ರಲ್ಲಿ 1.0 ಬಂದ ಮೇಲೆ ಚುಕ್ಕೆಗೆ ಮುಂಚಿನ ಅಂಕಿ ಬದಲಾಗಿದ್ದು ಅದೇ ಮೊದಲು. ನಿಮ್ಮ ಫೈಲಿನಲ್ಲಿ ನಮ್‌ಪೈ ಹೆಸರಿಲ್ಲ, ಆದರೆ ಪಾಂಡಾಸ್‌ಗೆ ಅದು ಬೇಕೇ ಬೇಕು. ಹಾಗಾಗಿ ಪಿಪ್ ತಾನೇ ಅದನ್ನು ಎಳೆದುಕೊಂಡು ಬರುತ್ತದೆ. ಯಾವುದನ್ನು? ಸಿಗುವುದರಲ್ಲಿ ಹೊಸದನ್ನು. ಅಕ್ಕ ಆ ಜೂನ್‌ಗೆ ಮುಂಚೆಯೇ ಹಾಕಿಕೊಂಡಿರಬೇಕು, ಅವರ ಹತ್ತಿರ 1.ಚಿಲ್ಲರೆ ಉಳಿದಿದೆ. ನಿಮಗೆ 2 ಬಂದಿದೆ. ಫೈಲ್ ಒಂದೇ, ಹಾಕಿದ ದಿನ ಬೇರೆ.

ಇನ್ನು ಆ 96 ಏನು ಅಂತ ಹೇಳುತ್ತೇನೆ, ಇದು ಗೊತ್ತಿದ್ದರೆ ಮುಂದೆ ತುಂಬಾ ಸಲ ಕೈ ಹಿಡಿಯುತ್ತದೆ. ಪಾಂಡಾಸ್ ಪೂರ್ತಿ ಪೈಥಾನ್ ಅಲ್ಲ. ಒಳಗಡೆ ವೇಗ ಬೇಕಾದ ಭಾಗಗಳು ಮೊದಲೇ ಕಂಪೈಲ್ ಆಗಿ ಬರುತ್ತವೆ. ಪಿಪ್ ಇಳಿಸಿಕೊಳ್ಳುವ ವೀಲ್ ಫೈಲಿನಲ್ಲಿ ಇರುವುದು ಅದೇ. ಕಂಪೈಲ್ ಮಾಡುವಾಗ ನಮ್‌ಪೈನ ಒಳಗಿನ ರಚನೆಗಳ ಅಳತೆ ತೆಗೆದುಕೊಂಡಿರುತ್ತಾರೆ. ಟೈಲರ್ ಹತ್ತಿರ ಅಳತೆ ಕೊಟ್ಟು ಹೊಲಿಸಿದ ಬಟ್ಟೆ ಇದ್ದ ಹಾಗೆ. 1.5.3 ಬಂದಿದ್ದು 2023ರ ಜನವರಿಯಲ್ಲಿ, ಹೊಲಿದಿದ್ದು ನಮ್‌ಪೈ 1ರ ಅಳತೆಗೆ, ಅಂದರೆ 96 ಬೈಟ್. ನಮ್‌ಪೈ 2ರಲ್ಲಿ ಅದೇ ರಚನೆ 88 ಬೈಟ್. ತೆಗೆದು ಮತ್ತೆ ಹಾಕಿದರೂ ಬರುವುದು ಅದೇ ವೀಲ್, ಅದೇ ಬಟ್ಟೆ. ಫೋರ್ಸ್ ರೀಇನ್‌ಸ್ಟಾಲ್‌ನಿಂದ ಏನೂ ಆಗದೇ ಇದ್ದದ್ದು ಅದಕ್ಕೇ.

ಪಿಪ್ ಚೆಕ್ ಯಾಕೆ ಸುಮ್ಮನಿತ್ತು? ಅದು ಓದುವುದು ಪ್ಯಾಕೇಜಿನ ಜೊತೆ ಬರುವ, ಏನೇನು ಬೇಕು ಅಂತ ಬರೆದ ಚೀಟಿಯನ್ನು ಮಾತ್ರ. ಪಾಂಡಾಸ್ 1.5.3ರ ಚೀಟಿಯಲ್ಲಿ, ಪೈಥಾನ್ 3.10 ಇದ್ದರೆ ನಮ್‌ಪೈ 1.21.0 ಅಥವಾ ಅದಕ್ಕಿಂತ ಹೊಸದು ಬೇಕು ಅಂತ ಇದೆ. ಮೇಲಿನ ಮಿತಿ ಬರೆದಿಲ್ಲ. 2 ಅನ್ನುವುದು 1.21ಕ್ಕಿಂತ ಹೊಸದೇ ಅಲ್ವಾ? ಲೆಕ್ಕಕ್ಕೆ ಸರಿ, ಓಡಿಸಿದರೆ ಇಲ್ಲ. ಪಿಪ್ ಚೆಕ್ ಪಾಸ್ ಆಯಿತು ಅಂದ ಮಾತ್ರಕ್ಕೆ ಎಲ್ಲ ಹೊಂದಿಕೊಂಡಿದೆ ಅಂತ ನಂಬಬೇಡಿ. ಒಂದೊಂದನ್ನೂ ಇಂಪೋರ್ಟ್ ಮಾಡಿ ನೋಡುವುದೇ ನಿಜವಾದ ಪರೀಕ್ಷೆ.

ಇವತ್ತು ಮಾಡಬೇಕಾದದ್ದು ಇಷ್ಟು. ಈಗಿನ ಎನ್ವಿರಾನ್‌ಮೆಂಟ್ ರಿಪೇರಿ ಮಾಡಲು ಹೋಗಬೇಡಿ. ಹೊಸ ವೆನ್ವ್ ಮಾಡಿ, ಅಂದರೆ ಈ ಪ್ರಾಜೆಕ್ಟಿಗೆಂದೇ ಪ್ಯಾಕೇಜ್‌ಗಳಿಗೆ ಪ್ರತ್ಯೇಕ ಜಾಗ. ಅದರಲ್ಲಿ ಒಂದೇ ಪಿಪ್ ಇನ್‌ಸ್ಟಾಲ್ ಆಜ್ಞೆಯಲ್ಲಿ ಮೂರನ್ನೂ ಕೇಳಿ: ಪಾಂಡಾಸ್ 1.5.3, ಮ್ಯಾಟ್‌ಪ್ಲಾಟ್‌ಲಿಬ್, 2ಕ್ಕಿಂತ ಕೆಳಗಿನ ನಮ್‌ಪೈ. ಕಡೆಯದಕ್ಕೆ 1.26.4 ಬರುತ್ತದೆ. ಒಂದೊಂದಾಗಿ ಹಾಕಬೇಡಿ. ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಮಾತ್ರ ಪಿಪ್ ಎಲ್ಲರ ಷರತ್ತನ್ನೂ ಸೇರಿಸಿ ಹೊಂದಿಸುತ್ತದೆ. ಬಿಡಿಬಿಡಿಯಾಗಿ ಕೊಟ್ಟರೆ ಆಮೇಲೆ ಬಂದದ್ದು ಮೊದಲು ಇದ್ದದ್ದನ್ನು ಕೆಡಿಸಬಹುದು. ಇನ್ನೊಂದು ವಿಷಯ, ‘ಚಿಕ್ಕದು’ ಅನ್ನುವ ಚಿಹ್ನೆ ಇರುವ ಭಾಗವನ್ನು ಡಬಲ್ ಕೋಟ್ ಒಳಗೆ ಹಾಕಿ. ಕೋಟ್ ಇಲ್ಲದಿದ್ದರೆ ಟರ್ಮಿನಲ್ ಅದನ್ನು 2 ಅನ್ನುವ ಹೆಸರಿನ ಫೈಲ್ ಓದು ಅಂತ ತಿಳಿದು, ಅಂಥ ಫೈಲ್ ಇಲ್ಲ ಅನ್ನುತ್ತದೆ. ಎಷ್ಟೋ ಜನ ಅಲ್ಲೇ ಅರ್ಧ ಗಂಟೆ ಕಳೆಯುತ್ತಾರೆ.

ಮ್ಯಾಟ್‌ಪ್ಲಾಟ್‌ಲಿಬ್ ಹೊಸದೇ ಬಂದರೂ ಚಿಂತೆ ಇಲ್ಲ. ನಮ್‌ಪೈ 2 ಇಟ್ಟುಕೊಂಡು ಕಂಪೈಲ್ ಮಾಡಿದ್ದು 1.26ರ ಮೇಲೂ ಓಡುತ್ತದೆ. 1 ಇಟ್ಟುಕೊಂಡು ಮಾಡಿದ್ದು 2ರ ಮೇಲೆ ಓಡುವುದಿಲ್ಲ.

ಓಡಿತು ಅಂದ ಕೂಡಲೇ ಪಿಪ್ ಫ್ರೀಜ್ ಮಾಡಿ, ಹಾಕಿರುವ ಎಲ್ಲ ಪ್ಯಾಕೇಜ್‌ಗಳ ನಂಬರ್ ಪಟ್ಟಿ ಬರುತ್ತದೆ, ಅದನ್ನು ಬೇರೆ ಫೈಲಿನಲ್ಲಿ ಉಳಿಸಿ. ನಿಮಗೆ ಬೇಕಾದದ್ದು ಒಂದು ಫೈಲ್, ನಿಜವಾಗಿ ಬಂದದ್ದು ಇನ್ನೊಂದು ಫೈಲ್. ಅಕ್ಕ ಎರಡನೆಯದನ್ನೂ ಕೊಟ್ಟಿದ್ದರೆ ನಿಮಗೆ ಈ ಒದ್ದಾಟ ಇರುತ್ತಿರಲಿಲ್ಲ.

ಇನ್ನೊಬ್ಬರ ಪ್ರಶ್ನೆ:
ಮೇಡಂ, ನನ್ನದೂ ಹೆಚ್ಚುಕಮ್ಮಿ ಇದೇ ಕಥೆ. ಆದರೆ ನನಗೆ 1.5.3 ಇನ್‌ಸ್ಟಾಲ್ ಆಗುವುದೇ ಇಲ್ಲ. ಉಬುಂಟು 24.04. ಪುಟಗಟ್ಟಲೆ ಕೆಂಪು ಅಕ್ಷರ ಬರುತ್ತದೆ. ಮೊದಲು ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಅಂತ ಬೈದಿತ್ತು. ಬ್ರೇಕ್ ಸಿಸ್ಟಂ ಪ್ಯಾಕೇಜಸ್ ಅನ್ನುವ ಆಯ್ಕೆ ಹಾಕು ಅಂತ ಸ್ನೇಹಿತ ಹೇಳಿದ.

ಉತ್ತರ:
ಆ ಆಯ್ಕೆ ಬೇಡ. ಹೆಸರೇ ಹೇಳುತ್ತಿದೆ, ಸಿಸ್ಟಮ್ಮಿನ ಪ್ಯಾಕೇಜ್ ಮುರಿಯಬಹುದು ಅಂತ. ಉಬುಂಟುವಿನ ಸ್ವಂತ ಕೆಲಸಗಳೂ ಆ ಪೈಥಾನ್ ಮೇಲೆಯೇ ನಿಂತಿವೆ. ವೆನ್ವ್ ಮಾಡಿಕೊಂಡರೆ ಆ ಬೈಗುಳ ಬರುವುದೇ ಇಲ್ಲ.

ಕೆಂಪು ಅಕ್ಷರಕ್ಕೆ ಕಾರಣ ಬೇರೆ. 24.04ರಲ್ಲಿ ಇರುವುದು ಪೈಥಾನ್ 3.12. ಪಾಂಡಾಸ್ 1.5.3ಕ್ಕೆ 3.12ರ ವೀಲ್ ಇಲ್ಲ, 3.11ರವರೆಗೆ ಮಾತ್ರ ಇದೆ. ವೀಲ್ ಸಿಗದಿದ್ದಾಗ ಪಿಪ್ ಸೋರ್ಸ್ ಇಳಿಸಿ ನಿಮ್ಮ ಮೆಷಿನ್ನಿನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ನೀವು ನೋಡಿದ್ದು ಅದು ಸೋತ ಕಥೆ. ಆ ಎರರ್ ಓದುತ್ತಾ ಕೂರಬೇಡಿ. ಪೈಥಾನ್ 3.11 ಬೇರೆಯಾಗಿ ತಂದುಕೊಳ್ಳಿ. ಯುವಿ ಅನ್ನುವ ಟೂಲ್ ಇದ್ದರೆ ಸುಲಭ, ವೆನ್ವ್ ಮಾಡುವಾಗಲೇ 3.11 ಬೇಕು ಅಂದರೆ ತಾನೇ ಇಳಿಸಿಕೊಳ್ಳುತ್ತದೆ. ಕಾಂಡಾ ಅನ್ನುವ ಇನ್ನೊಂದು ಟೂಲಿನ ಅಭ್ಯಾಸ ಇದ್ದರೆ ಅದೂ ಆಗುತ್ತದೆ.

ಮೊದಲನೆಯವರು ಮತ್ತೆ:
ಮೇಡಂ, ಓಡಿತು! ಗೈಡ್‌ಗೂ ತೋರಿಸಿದೆ. ಈಗ ಇಲ್ಲೇ ಇರಬಹುದಾ, ಅಥವಾ ಹೊಸದಕ್ಕೆ ಹೋಗಬೇಕಾ?

ಉತ್ತರ:
ಸಂತೋಷ ಆಯಿತು. ಪ್ರಾಜೆಕ್ಟ್ ಈ ಸೆಮಿಸ್ಟರಿಗೇ ಮುಗಿಯುವುದಾದರೆ ಇರಿ. ನಿಮ್ಮ ನಂತರವೂ ಯಾರಾದರೂ ಮುಂದುವರಿಸುತ್ತಾರೆ ಅಂದರೆ ಹೋಗಿ ಅಂತಲೇ ಹೇಳುತ್ತೇನೆ. ಪೈಥಾನ್ 3.10ಕ್ಕೆ 2026ರ ಅಕ್ಟೋಬರ್‌ವರೆಗೆ ಮಾತ್ರ ಆಸರೆ. ನಮ್‌ಪೈ 2ಕ್ಕೆ ಹೊಂದುವ ಮೊದಲ ಪಾಂಡಾಸ್ 2.2.2, ಅದಕ್ಕಿಂತ ಕೆಳಗೆ ನೋಡಬೇಡಿ. ಮತ್ತೊಂದು ವೆನ್ವ್ ಮಾಡಿ ಅಲ್ಲಿ ಪ್ರಯತ್ನಿಸಿ. ಓಡುತ್ತಿರುವುದನ್ನು ಮುಟ್ಟಬೇಡಿ, ಅದು ಆಮೇಲೆ ಹೋಲಿಸಲು ಬೇಕು.

ಕೋಡಿನಲ್ಲಿ ಎರಡು ಮೂರು ಕಡೆ ಬೀಳುತ್ತದೆ. ಡೇಟಾಫ್ರೇಮ್‌ಗೆ, ಅಂದರೆ ಪಾಂಡಾಸ್‌ನ ಕೋಷ್ಟಕಕ್ಕೆ, ಸಾಲು ಸೇರಿಸುವ ಅಪೆಂಡ್ ಪಾಂಡಾಸ್ 2.0ದಲ್ಲೇ ಹೋಯಿತು, ಕಾನ್‌ಕ್ಯಾಟ್ ಬಳಸಿ. ನಮ್‌ಪೈ ಕಡೆ, ದೊಡ್ಡ ಎನ್ ಹಾಕಿ ಬರೆದ ನ್ಯಾನ್ ಇನ್ನು ನಡೆಯುವುದಿಲ್ಲ, ಎಲ್ಲ ಸಣ್ಣ ಅಕ್ಷರದಲ್ಲೇ ಬರೆಯಬೇಕು. ಕೊನೆಗೆ ಅಂಡರ್‌ಸ್ಕೋರ್ ಇರುವ ಫ್ಲೋಟ್ ಬದಲು ಫ್ಲೋಟ್64. ನಮ್‌ಪೈನ ಇಂಥದ್ದನ್ನೆಲ್ಲ ಕೈಯಲ್ಲಿ ಹುಡುಕಬೇಡಿ. ರಫ್ ಅನ್ನುವ ಟೂಲಿನಲ್ಲಿ ಎನ್‌ಪಿವೈ201 ಅಂತ ಒಂದು ನಿಯಮ ಇದೆ, ಇದಕ್ಕೆಂದೇ ಇರುವುದು.

ಮೊದಲನೆಯವರು:
ಅಪೆಂಡ್ ಸರಿ ಮಾಡಿದೆ ಮೇಡಂ. ಈಗ ದಿನಾಂಕದಲ್ಲಿ ನಿಂತಿದೆ. ನಮ್ಮ ಫೈಲಿನಲ್ಲಿ ದಿನ-ತಿಂಗಳು-ವರ್ಷ ಅಂತ ಇದೆ. ಮೊದಲ ಸಾಲು 01-06-2018. ಅಕ್ಷರವನ್ನು ದಿನಾಂಕವಾಗಿ ಓದುವ ಟು ಡೇಟ್‌ಟೈಮ್ ಕೊಟ್ಟರೆ 13-06-2018 ಬಂದಾಗ ತಿಂಗಳು-ದಿನ-ವರ್ಷಕ್ಕೆ ಹೊಂದುತ್ತಿಲ್ಲ ಅನ್ನುತ್ತದೆ. ಹಳೆಯದರಲ್ಲಿ ಏನೂ ಹೇಳದೆ ಓಡುತ್ತಿತ್ತು. ಹೊಸದರಲ್ಲೇ ದೋಷ ಇದೆಯಾ?

ಉತ್ತರ:
ಇಲ್ಲ. ದಯವಿಟ್ಟು ಇಲ್ಲಿ ಸ್ವಲ್ಪ ನಿಂತು ಓದಿ. ಇಷ್ಟು ಹೊತ್ತು ನೋಡಿದ್ದಕ್ಕಿಂತ ಇದು ದೊಡ್ಡದು.

ಹಳೆಯ ಪಾಂಡಾಸ್ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಊಹಿಸುತ್ತಿತ್ತು. ನೀವು ಏನೂ ಹೇಳದಿದ್ದರೆ ಮೊದಲ ಅಂಕಿ ತಿಂಗಳು ಅಂತ ಹಿಡಿಯುತ್ತಿತ್ತು. 01-06 ಅಂದರೆ ಜನವರಿ 6. 02-06 ಅಂದರೆ ಫೆಬ್ರವರಿ 6. 13-06ಕ್ಕೆ ಬಂದಾಗ 13ನೇ ತಿಂಗಳು ಇಲ್ಲವಲ್ಲ, ಆಗ ತಿರುಗಿಸಿ ಜೂನ್ 13 ಅಂತ ಸರಿಯಾಗಿ ಓದುತ್ತಿತ್ತು. ಅಂದರೆ ಜೂನ್ ತಿಂಗಳ ಮೊದಲ 12 ದಿನದ ಮಳೆ 12 ತಿಂಗಳಿಗೆ ಹರಡಿಹೋಗಿರುತ್ತದೆ. ಜೂನ್ 6 ಮಾತ್ರ ತನ್ನ ಜಾಗದಲ್ಲಿ ಇರುತ್ತದೆ. ಪ್ರತಿ ತಿಂಗಳಿಗೂ ಇದೇ ಗತಿ. ವರ್ಷದ ಮೊತ್ತ ಮಾತ್ರ ಸರಿಯಾಗೇ ಬರುತ್ತದೆ, ಅದಕ್ಕೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

2.0ದಿಂದ ಪಾಂಡಾಸ್ ಮೊದಲ ಸಾಲು ನೋಡಿ ಒಂದು ಕ್ರಮ ಹಿಡಿಯುತ್ತದೆ, ಎಲ್ಲ ಸಾಲಿಗೂ ಅದನ್ನೇ ಅನ್ವಯಿಸುತ್ತದೆ, ಹೊಂದದಿದ್ದರೆ ನಿಲ್ಲಿಸುತ್ತದೆ. 1.5 ಕೂಡ ಒಂದು ವಾರ್ನಿಂಗ್ ಕೊಡುತ್ತಿತ್ತು. ನಿಮ್ಮ ಕೋಡಿನ ಮೇಲ್ಗಡೆ ವಾರ್ನಿಂಗ್ ಎಲ್ಲ ಮುಚ್ಚುವ ಸಾಲು ಇದೆಯಾ ನೋಡಿ, ಇದ್ದರೆ ತೆಗೆದುಹಾಕಿ. ಫಾರ್ಮ್ಯಾಟ್ ಅನ್ನುವ ಜಾಗದಲ್ಲಿ ದಿನ, ತಿಂಗಳು, ವರ್ಷ ಅಂತ ನೀವೇ ಬರೆದುಕೊಡಿ. ಎರರ್ ಹೋಗಲಿ ಅಂತ ಕೋಅರ್ಸ್ ಹಾಕಬೇಡಿ, ಹೊಂದದ ಸಾಲುಗಳೆಲ್ಲ ಖಾಲಿ ಆಗಿಬಿಡುತ್ತವೆ. ಆಮೇಲೆ ಹಳೆಯ ವೆನ್ವ್‌ನಲ್ಲಿ ತಿಂಗಳವಾರು ಮೊತ್ತ ತೆಗೆಯಿರಿ, ಹೊಸದರಲ್ಲೂ ತೆಗೆಯಿರಿ, ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯವರು:
ನೋಡಿದೆ ಮೇಡಂ. ಹಳೆಯದರಲ್ಲಿ ಫೆಬ್ರವರಿಯಲ್ಲೂ ಮುಂಗಾರಿನ ಮಳೆ ಸುರಿದಿದೆ. ವಾರ್ನಿಂಗ್ ಮುಚ್ಚುವ ಸಾಲು ಇತ್ತು, ತೆಗೆದೆ. ಅಕ್ಕನಿಗೂ ಫೋನ್ ಮಾಡಿದೆ. ಅವರು ಈ ಲೆಕ್ಕದ ಮೇಲೆ ಒಂದು ಪ್ರಬಂಧ ಬರೆಯುತ್ತಿದ್ದಾರಂತೆ, ಇನ್ನೂ ಕಳಿಸಿಲ್ಲ. ಅವರೂ ಪಾಂಡಾಸ್ ಬದಲಾಯಿಸಲೇಬೇಕಾ?

ಉತ್ತರ:
ಕಳಿಸಿಲ್ಲವಲ್ಲ, ಒಳ್ಳೆಯದೇ ಆಯಿತು. ಅವರು ಏನನ್ನೂ ಅಪ್‌ಗ್ರೇಡ್ ಮಾಡಬೇಕಿಲ್ಲ. ಫಾರ್ಮ್ಯಾಟ್ ಕೊಡುವುದು 1.5.3ರಲ್ಲೂ ನಡೆಯುತ್ತದೆ. ಆ ಒಂದು ಸಾಲು ಸೇರಿಸಿ, ತಿಂಗಳವಾರು ಗ್ರಾಫ್‌ಗಳನ್ನೆಲ್ಲ ಮತ್ತೆ ತೆಗೆಯಲು ಹೇಳಿ. ಅವರ ಪಿಪ್ ಫ್ರೀಜ್ ಕೂಡ ಇವತ್ತೇ ತರಿಸಿಕೊಳ್ಳಿ.