‘ಹುಟ್ಟು ಅಪರಾಧಿ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಅಪರಾಧಶಾಸ್ತ್ರದ ಮೊದಲ ದಿನಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ ಗೊತ್ತಲ್ವಾ? ವಿಲ್ಲೆಲ್ಲಾ ಎಂಬ ಕೈದಿ ಸತ್ತ ಮೇಲೆ ಅವನ ತಲೆಬುರುಡೆಯನ್ನು ಈತ ಪರೀಕ್ಷಿಸಿದ. ಹಿಂಬದಿಯಲ್ಲಿ, ಒಳಗಡೆ, ಸಣ್ಣ ಏಣು ಇರಬೇಕಾದ ಜಾಗದಲ್ಲಿ ಗುಳಿ ಇತ್ತು. ಇಂಥ ಗುಳಿ ಕೆಳಹಂತದ ಪ್ರಾಣಿಗಳದ್ದು, ಹಾಗಾಗಿ ಇವನು ಆದಿಕಾಲಕ್ಕೆ ಜಾರಿದ ಮನುಷ್ಯ ಅಂತ ಲೆಕ್ಕ ಹಾಕಿದ. 1876ರಲ್ಲಿ ಪುಸ್ತಕವನ್ನೇ ತಂದ. ಅಂಥವರಿಗೆ ‘ದೆಲಿಂಕ್ವೆಂತೆ ನಾತೊ’ ಎಂದು ಹೆಸರಿಟ್ಟವನು ಅವನ ಶಿಷ್ಯ ಎನ್ರಿಕೊ ಫೆರ್ರಿ.

ಇದನ್ನು ‘ಜನ್ಮಜಾತ ಅಪರಾಧಿ’ ಅನ್ನಬಹುದು. ನನಗೆ ‘ಹುಟ್ಟು’ ಇಷ್ಟ. ‘ಹುಟ್ಟುಗಳ್ಳ’ ಅಂದರೆ ಬೈಗುಳವಾಗುತ್ತದೆ, ಕೊಲೆಗಾರರೂ ಹೊರಗುಳಿಯುತ್ತಾರೆ. ‘ಹುಟ್ಟು ಕುರುಡ’ನ ಹಾಗೆ ‘ಹುಟ್ಟು ಅಪರಾಧಿ’ ನಡೆಯುತ್ತದೆ ಅನ್ನಿಸುತ್ತದೆ. ಯಾರಾದರೂ ಸಂಧಿ ಮಾಡಿ ‘ಹುಟ್ಟಪರಾಧಿ’ ಅನ್ನದಿದ್ದರೆ ಸಾಕು!

ಆದರೆ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮ ನಾಲಿಗೆ ತುದಿಯಲ್ಲೇ ಇದೆ. ‘ಹುಟ್ಟು’ ಅಂದ ಕೂಡಲೇ ಓದುಗರು ‘ಹೌದಲ್ಲ’ ಅಂದುಬಿಟ್ಟರೆ? ಲೊಂಬ್ರೊಸೊನ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಇಂಗ್ಲೆಂಡಿನ ಜೈಲುಗಳ ಸುಮಾರು 3,000 ಕೈದಿಗಳನ್ನು ಅಳೆದ ಚಾರ್ಲ್ಸ್ ಗೋರಿಂಗ್, ಮೈಲಕ್ಷಣ ನೋಡಿ ಗುರುತಿಸುವಂಥ ಅಪರಾಧಿ ಬಗೆಯೇ ಇಲ್ಲ ಎಂದು 1913ರಲ್ಲಿ ಬರೆದ. ನಮ್ಮಲ್ಲಂತೂ ಲೊಂಬ್ರೊಸೊನ ಪುಸ್ತಕಕ್ಕೂ 5 ವರ್ಷ ಮೊದಲೇ, 1871ರ ಬ್ರಿಟಿಷ್ ಕಾಯ್ದೆ ಇಡೀ ಬುಡಕಟ್ಟುಗಳನ್ನು ಅಪರಾಧಿಗಳ ಪಟ್ಟಿಗೆ ಸೇರಿಸಲು ದಾರಿ ಮಾಡಿತ್ತು. ಅವನು ಬುರುಡೆ ನೋಡಿದ, ಇವರು ಕುಲ ನೋಡಿದರು. ಹಾಗಾಗಿ ‘ಹುಟ್ಟು’ ಪದವನ್ನು ಸುಮ್ನೆ ಬಳಸಲು ಕೈ ಬರುತ್ತಿಲ್ಲ.

ಎರಡನೆಯದು ‘ಅಟಾವಿಸಂ’, ಅಂದರೆ ಲೊಂಬ್ರೊಸೊ ಹೇಳಿದ ಆ ಆದಿಕಾಲಕ್ಕೆ ಜಾರುವಿಕೆ. ಹಾಗೇ ಬಿಟ್ಟರೆ ‘ಅಟವಿ’ ನೆನಪಾಗಿ ಕಾಡಿನ ವಿಷಯ ಅಂದುಕೊಂಡಾರು. ‘ಮರುಕಳಿಕೆ’ ಹಾಕಿ ನೋಡಿದೆ. ಜೈಲಿನ ಮಾತಿನ ನಡುವೆ ಅದು ‘ಬಿಡುಗಡೆಯಾದವನು ಮತ್ತೆ ಕದ್ದ’ ಅನ್ನುವ ಹಾಗೆ ಕೇಳಿಸುತ್ತದೆ. ಇಲ್ಲಿ ಬೇಕಾಗಿರುವುದು ಎಷ್ಟೋ ತಲೆಮಾರು ಹಾರಿ ಬಂದ ಹಳೇ ಲಕ್ಷಣ. ನಮ್ಮಜ್ಜಿ ಕೂಸಿನ ಕಿವಿ ಹಿಡಿದು ‘ಮುತ್ತಜ್ಜನ ಕಿವಿ ಬಂದಿದೆ ನೋಡು’ ಅನ್ನುತ್ತಿದ್ದರು. ಆ ‘ಬಂದಿದೆ’ ಸರಿಯಾಗಿದೆ, ಆದರೆ ಅದರಿಂದ ಹೆಸರುಪದ ಮಾಡುವುದು ಹೇಗೆ? ಸದ್ಯಕ್ಕೆ ‘ಹಿಮ್ಮರಳಿಕೆ’ ಅಂತ ಬರೆದಿಟ್ಟಿದ್ದೇನೆ. ನಿಮ್ಮ ಕಡೆ ಇಂಥದ್ದಕ್ಕೆ ಏನಂತಾರೆ?